ಮಕ್ಕಳ ಓದಿನ ಸಾಲ ತೀರಿಸುವ ಬಗೆ

(ತುರುವೇಕೆರೆ ತಾಲ್ಲೂಕಿನ ಹಳ್ಳಿಯೊಂದರ ರೈತರ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ನಾನು ತಮ್ಮ ಮುಂದೆ ನಿಂತಾಗಲೆಲ್ಲ ತೆಂಗಿನ ಮಾತನ್ನೇ ಆಡುವುದು ವಾಡಿಕೆ. ಬುಡಕ್ಕೆ ಗೊಬ್ಬರ ಎಷ್ಟು, ನುಸಿಗೆ ಮದ್ದೇನು, ಎರಡು ಸಾಲಿನ ನಡುವೆ ಏನು ಬೆಳೆಯಬಹುದು, ಇವೇ ನಮ್ಮ ಮಾತುಗಳು. ಈ ದಿನ ಬೇರೊಂದು ವಿಷಯ ಅರಿಕೆ ಮಾಡಿಕೊಳ್ಳಬೇಕೆಂದು ಬಂದಿದ್ದೇನೆ. ಮಕ್ಕಳ ಓದಿಗೆಂದು ತಂದ ಸಾಲವನ್ನು, ಅವರು ಕಾಲೇಜು ಬಿಟ್ಟ ಮೇಲೆ ತೀರಿಸುವುದು ಹೇಗೆ ಎಂಬುದೇ ಆ ವಿಷಯ. ಇದಕ್ಕೂ ತೋಟಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಸಂಬಂಧ ಉಂಟು. ನನ್ನ ಮನೆಯಲ್ಲೇ ನಡೆದ ಸಂಗತಿಯಿಂದ ಆರಂಭಿಸುತ್ತೇನೆ.

ನಮ್ಮ ತಂದೆಗೆ ಎರಡೂವರೆ ಎಕರೆ ತೆಂಗು. ನಾನು ಎರಡು ವರ್ಷದ ಕೃಷಿ ಡಿಪ್ಲೊಮಾ ಓದಿದೆ. ಅದಕ್ಕಾಗಿ ತೊಂಬತ್ತು ಸಾವಿರ ರೂಪಾಯಿ ಸಾಲ ತೆಗೆದೆವು. ಓದು ಮುಗಿದ ಮೇಲೆ ಬಿತ್ತನೆ ಬೀಜದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಸಂಬಳ ಕಡಿಮೆ. ಮೊದಲು ಒಂದೆರಡು ಕಂತು ಕಟ್ಟಿದೆ. ಆಮೇಲೆ ಮುಂದಿನ ತಿಂಗಳು ನೋಡೋಣ ಎಂದುಕೊಂಡೆ. ಅಷ್ಟರಲ್ಲಿ ಮೊಬೈಲು ನಂಬರು ಬದಲಾಯಿಸಿದೆ. ಬ್ಯಾಂಕಿಗೆ ತಿಳಿಸಲಿಲ್ಲ. ನಾಲ್ಕು ತಿಂಗಳು ಕಳೆಯಿತು. ಯಾರೂ ಕೇಳಲಿಲ್ಲವೆಂದು ನಾನು ನೆಮ್ಮದಿಯಾಗಿದ್ದೆ. ಕೇಳುತ್ತಿದ್ದುದು ನನ್ನನ್ನಲ್ಲ, ನಮ್ಮ ತಂದೆಯನ್ನು.

2023ನೆಯ ಇಸವಿ ಅದು. ತಿಪಟೂರಿನಲ್ಲಿ ಉಂಡೆಕೊಬ್ಬರಿ ಧಾರಣೆ ಕ್ವಿಂಟಾಲಿಗೆ 8,000 ರೂಪಾಯಿಯ ಆಸುಪಾಸಿಗೆ ಇಳಿದುದು ತಮಗೆಲ್ಲ ನೆನಪಿರಬೇಕು. ಆ ವರ್ಷ ಸರ್ಕಾರ ಗೊತ್ತುಮಾಡಿದ್ದ ಬೆಂಬಲ ಬೆಲೆಯೇ 11,750 ರೂಪಾಯಿ. ತಂದೆಯವರು ಬೆಳೆಸಾಲವನ್ನು ಹೊಸದು ಮಾಡಿಸಲು ಬ್ಯಾಂಕಿಗೆ ಹೋದರು. ಅಲ್ಲಿ ನನ್ನ ಬಾಕಿಯನ್ನು ತೆಗೆದು ತೋರಿಸಿದರು. ಅದು ತೀರುವವರೆಗೆ ಹೊಸ ಸಾಲವಿಲ್ಲ ಎಂದರು. ತಂದೆಯವರು ಮನೆಗೆ ಬಂದು ಯಾರಿಗೂ ಏನೂ ಹೇಳಲಿಲ್ಲ. ಗೌರಿಹಬ್ಬಕ್ಕೆ ನಾನು ಊರಿಗೆ ಹೋದಾಗ ಅಟ್ಟ ಬರಿದಾಗಿತ್ತು. ಕೊಬ್ಬರಿಯಾಗಲು ಇನ್ನೂ ಐದು ತಿಂಗಳು ಬೇಕಿದ್ದ ಕಾಯನ್ನು ಇಳಿಸಿ, ಬಂದ ಬೆಲೆಗೆ ಮಾರಿ, ನನ್ನ ಬಾಕಿ ಕಟ್ಟಿದ್ದರು. ಕೇಳಿದರೆ, "ಇರಲಿ ಬಿಡಪ್ಪ, ಮುಂದಿನ ವರ್ಷ ಕಾಯಿ ಬರುತ್ತೆ" ಎಂದರು. ಅಷ್ಟೇ.

ಅಂದಿನಿಂದ ನಾನು ಒಂದು ಕಂತನ್ನೂ ತಪ್ಪಿಸಿಲ್ಲ. ಆ ಸಾಲ ಈಗ ತೀರಿದೆ. ಆದರೆ ಅಂದು ನಾನು ಬ್ಯಾಂಕಿಗೆ ಹೋಗಿ ಎರಡು ಮಾತು ಹೇಳಿದ್ದರೆ ಅಟ್ಟದ ಕಾಯಿ ಅಟ್ಟದಲ್ಲೇ ಇರುತ್ತಿತ್ತು. ನನಗಾದದ್ದು ತಮ್ಮ ಮನೆಗಳಲ್ಲಿ ಆಗಬಾರದು. ಆದುದರಿಂದಲೇ ಈ ಮಾತು.

ಸಾಲ ಯಾರದು?

ನಮ್ಮ ಅಜ್ಜಂದಿರ ಕಾಲದಲ್ಲಿ ಓದಿಗೆ ಸಾಲವೆಂಬುದು ಅಪರೂಪ. ತುಮಕೂರಿನ ಸಿದ್ಧಗಂಗಾ ಮಠದಂಥ ಕಡೆ ಉಚಿತವಾಗಿ ಉಂಡು ಓದಿದವರು ನಮ್ಮ ಸೀಮೆಯಲ್ಲಿ ಎಷ್ಟೋ ಮಂದಿ. 1963ರಲ್ಲಿ ಕೇಂದ್ರ ಸರ್ಕಾರ ಬಡ್ಡಿಯಿಲ್ಲದ ಸಾಲ ವಿದ್ಯಾರ್ಥಿವೇತನವನ್ನು ಆರಂಭಿಸಿತ್ತು. ಈಗ ಆ ಕಾಲ ಹೋಯಿತು. 2001ರಲ್ಲಿ ಭಾರತೀಯ ಬ್ಯಾಂಕುಗಳ ಸಂಘ ಒಂದು ಮಾದರಿ ಯೋಜನೆ ಹಾಕಿಕೊಟ್ಟ ಮೇಲೆ ಓದಿನ ಸಾಲ ಹಳ್ಳಿಹಳ್ಳಿಗೂ ಬಂದಿದೆ. ಇಂಜಿನಿಯರಿಂಗ್, ನರ್ಸಿಂಗ್, ಬಿ.ಎಸ್ಸಿ. ಅಗ್ರಿ ಎಂದು ಮಕ್ಕಳು ಓದುತ್ತಿದ್ದಾರೆ. ಸಂತೋಷದ ಸಂಗತಿ.

ಆದರೆ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. "ಸಾಲ ಹುಡುಗನ ಹೆಸರಲ್ಲಿದೆ, ಅವನು ಕೆಲಸಕ್ಕೆ ಸೇರಿ ಕಟ್ಟುತ್ತಾನೆ, ನಮಗೇನು?" ಎನ್ನುತ್ತಾರೆ. ಬ್ಯಾಂಕಿನ ಕಾಗದವನ್ನು ಬಿಚ್ಚಿ ನೋಡಿ. ವಿದ್ಯಾರ್ಥಿಯ ಸಹಿಯ ಪಕ್ಕದಲ್ಲಿ ತಂದೆಯದೋ ತಾಯಿಯದೋ ಸಹಿ ಇರುತ್ತದೆ. ಅದು ಸಾಕ್ಷಿಯ ಸಹಿಯಲ್ಲ, ಜಂಟಿ ಸಾಲಗಾರರ ಸಹಿ. ಮಗ ಕಟ್ಟದಿದ್ದರೆ ತಾವು ಕಟ್ಟತಕ್ಕದ್ದು. ಬಾಕಿ ನಿಂತರೆ ಸಿಬಿಲ್ ಮೊದಲಾದ ಸಂಸ್ಥೆಗಳ ದಾಖಲೆಯಲ್ಲಿ ಇಬ್ಬರ ಹೆಸರಿಗೂ ಮಸಿ. ಮುಂದೆ ತಾವು ಬೆಳೆಸಾಲಕ್ಕೋ, ಕೊಳವೆ ಬಾವಿಗೋ, ಹಸುವಿಗೋ ಸಾಲ ಕೇಳಲು ಹೋದಾಗ ಅದು ಅಡ್ಡ ಬರುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ನಾಜೂಕು. ಓದು ಮುಗಿದ ವರ್ಷವೇ ಮದುವೆ ಮಾಡುತ್ತೇವೆ. ಸಾಲದ ಮಾತನ್ನು ಮಾತುಕತೆಯ ದಿನ ಯಾರೂ ಎತ್ತುವುದಿಲ್ಲ. ಮದುವೆಯಾದ ಮೇಲೆ ಅವಳ ಸಂಬಳದಿಂದ ಕಟ್ಟುವುದೋ, ತವರಿನವರು ಕಟ್ಟುವುದೋ ಎಂದು ಎರಡು ಮನೆಗಳ ನಡುವೆ ಮಾತು ಬೆಳೆಯುತ್ತದೆ. ನಡುವೆ ಸಿಕ್ಕಿ ನೋಯುವವಳು ಆ ಹುಡುಗಿ. ಬ್ಯಾಂಕಿನ ಲೆಕ್ಕದಲ್ಲಿ ಮದುವೆಯಿಂದ ಸಾಲ ಒಬ್ಬರಿಂದ ಒಬ್ಬರಿಗೆ ಹೋಗುವುದಿಲ್ಲ. ಸಹಿ ಹಾಕಿದವರ ಮೇಲೆಯೇ ಇರುತ್ತದೆ. ಆದುದರಿಂದ ಬೀಗರಾಗುವವರಿಗೆ ಮೊದಲೇ ಬಿಚ್ಚಿ ಹೇಳಿಬಿಡುವುದು ಮರ್ಯಾದೆ. ಮುಚ್ಚಿಡುವುದಲ್ಲ.

ಬಡ್ಡಿ ಮಲಗಿರುವುದಿಲ್ಲ

ಓದಿನ ಸಾಲಕ್ಕೆ ಸಾಮಾನ್ಯವಾಗಿ ಓದುವ ಕಾಲ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಇದನ್ನು ಸಾಲದ ವಿರಾಮ ಕಾಲ ಎನ್ನೋಣ. ವಿರಾಮ ಕಂತಿಗೆ, ಬಡ್ಡಿಗಲ್ಲ. ಅಟ್ಟದ ಮೇಲಿನ ಕಾಯಿ ಹನ್ನೊಂದು ತಿಂಗಳು ಇದ್ದು ನೀರು ಬತ್ತಿ ಹಗುರವಾಗುತ್ತದೆ. ಬ್ಯಾಂಕಿನ ಅಟ್ಟದಲ್ಲಿರುವ ಸಾಲ ಮಾತ್ರ ದಿನೇ ದಿನೇ ಭಾರವಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ಲೆಕ್ಕಕ್ಕೆ ಸುಲಭವಾಗಲೆಂದು ಬಡ್ಡಿ ಶೇಕಡ 10 ಎಂದಿಟ್ಟುಕೊಳ್ಳೋಣ. ನಾಲ್ಕು ವರ್ಷದ ಓದಿಗೆ, ಪ್ರತಿ ವರ್ಷದ ಆರಂಭದಲ್ಲಿ ಒಂದೊಂದು ಲಕ್ಷದಂತೆ ನಾಲ್ಕು ಲಕ್ಷ ತೆಗೆದಿರಿ. ಓದು ಮುಗಿದು ಒಂದು ವರ್ಷ ಕಳೆಯುವ ಹೊತ್ತಿಗೆ ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000. ಎರಡನೆಯದಕ್ಕೆ 40,000. ಮೂರನೆಯದಕ್ಕೆ 30,000. ನಾಲ್ಕನೆಯದಕ್ಕೆ 20,000. ಒಟ್ಟು 1,40,000 ರೂಪಾಯಿ. ಇದು ಸರಳ ಬಡ್ಡಿಯ ಲೆಕ್ಕ. ಇದನ್ನು ಅಸಲಿಗೆ ಸೇರಿಸಿ 5,40,000ದ ಮೇಲೆ ಕಂತು ಕಟ್ಟುತ್ತಾರೆ. ಹತ್ತು ವರ್ಷಕ್ಕಾದರೆ ತಿಂಗಳ ಕಂತು ಸುಮಾರು 7,136 ರೂಪಾಯಿ. ನಾಲ್ಕು ಲಕ್ಷ ತಂದವರು ಹೀಗೆ ಒಟ್ಟು ಎಂಟೂವರೆ ಲಕ್ಷಕ್ಕೂ ಹೆಚ್ಚು ಕಟ್ಟಬೇಕಾಗುತ್ತದೆ.

ಅದೇ ಬಡ್ಡಿಯನ್ನು ಓದುವ ಕಾಲದಲ್ಲೇ ತಿಂಗಳು ತಿಂಗಳು ಕಟ್ಟಿಬಿಟ್ಟರೆ? ಮೊದಲ ವರ್ಷ ತಿಂಗಳಿಗೆ ಬರೀ 833 ರೂಪಾಯಿ. ಎರಡನೆಯ ವರ್ಷ 1,667. ಮೂರನೆಯ ವರ್ಷ 2,500. ಆಮೇಲಿನ ಎರಡು ವರ್ಷ 3,333. ಹೀಗೆ ಮಾಡಿದವರಿಗೆ ಕಂತು ಆರಂಭವಾದಾಗ ಅಸಲು ನಾಲ್ಕೇ ಲಕ್ಷ, ತಿಂಗಳ ಕಂತು ಸುಮಾರು 5,286. ಕೊನೆಯಲ್ಲಿ ಉಳಿಯುವುದು 80,000 ರೂಪಾಯಿಗೂ ಹೆಚ್ಚು. ಹೀಗೆ ಬಡ್ಡಿ ಕಟ್ಟುವವರಿಗೆ ಬಡ್ಡಿಯಲ್ಲಿ ಶೇಕಡ 1 ರಿಯಾಯಿತಿ ಕೊಡುವ ಬ್ಯಾಂಕುಗಳೂ ಉಂಟು. ಕೇಳಿ ನೋಡಿ. ಡೇರಿಗೆ ಹಾಲು ಹಾಕುವ ಮನೆಗೆ ಮೊದಲ ವರ್ಷದ ಆ 833 ರೂಪಾಯಿ ಎತ್ತಲಾರದ ಹೊರೆಯಲ್ಲ. ಹನಿ ಹನಿ ಕೂಡಿದರೆ ಹಳ್ಳ.

ಬಡ ಮನೆಗಳಿಗೆ ಇನ್ನೊಂದು ದಾರಿ ಇದೆ. ತಂದೆತಾಯಿಯ ವರ್ಷದ ಆದಾಯ 4.5 ಲಕ್ಷದೊಳಗಿದ್ದು, ಗೊತ್ತುಪಡಿಸಿದ ವೃತ್ತಿ ಮತ್ತು ತಾಂತ್ರಿಕ ಓದಾಗಿದ್ದರೆ, ವಿರಾಮ ಕಾಲದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009ರಲ್ಲಿ ಬಂದಿತು. 2024ರ ನವೆಂಬರಿನಲ್ಲಿ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆ ಬಂದು, ಆಯ್ದ ಕಾಲೇಜುಗಳಲ್ಲಿ ಓದುವ, 8 ಲಕ್ಷದೊಳಗಿನ ಆದಾಯದ ಮನೆಯ ಮಕ್ಕಳಿಗೆ, 10 ಲಕ್ಷದವರೆಗಿನ ಸಾಲಕ್ಕೆ ವಿರಾಮ ಕಾಲದ ಬಡ್ಡಿಯಲ್ಲಿ ಶೇಕಡ 3 ಸಹಾಯ ಗೊತ್ತಾಯಿತು. ಇವು ತಾನಾಗಿ ಬಂದು ಬೀಳುವುದಿಲ್ಲ. ಆದಾಯ ಪ್ರಮಾಣಪತ್ರ ಕೊಟ್ಟು ಅರ್ಜಿ ಹಾಕಬೇಕು. ಓದನ್ನು ನಡುವೆ ಬಿಟ್ಟರೆ ಸಹಾಯ ತಪ್ಪುವುದೂ ಉಂಟು.

ಇನ್ನು ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಅರಿವು ಸಾಲ. ಇದರ ಬಡ್ಡಿ ವರ್ಷಕ್ಕೆ ಶೇಕಡ 2. ಬಡ್ಡಿ ಇಷ್ಟು ಕಡಿಮೆಯಾದ್ದರಿಂದ ಇದನ್ನು ವಿದ್ಯಾರ್ಥಿವೇತನವೆಂದೇ ತಿಳಿದವರಿದ್ದಾರೆ. ಅದು ಕೂಡ ಸಾಲವೇ, ತೀರಿಸತಕ್ಕದ್ದೇ.

ಮನ್ನಾ ಆಗುವುದೆಂದು ಕಾಯಬೇಡಿ

ನಮ್ಮ ರೈತರಿಗೆ ಸಾಲ ಮನ್ನಾದ ಅನುಭವ ಉಂಟು. 2008ರಲ್ಲಿ ಕೇಂದ್ರ ಸರ್ಕಾರ ಮಾಡಿತು. 2017 ಮತ್ತು 2018ರಲ್ಲಿ ರಾಜ್ಯ ಸರ್ಕಾರ ಮಾಡಿತು. ಅವೆಲ್ಲ ಬೇಸಾಯದ ಸಾಲಕ್ಕೆ. ಓದಿನ ಸಾಲ ಅದರಲ್ಲಿ ಸೇರಿರಲಿಲ್ಲ. "ಇವತ್ತಲ್ಲ ನಾಳೆ ಇದೂ ಮನ್ನಾ ಆಗುತ್ತದೆ" ಎಂದು ಕುಳಿತವರ ಬಡ್ಡಿ ಮಾತ್ರ ಬೆಳೆಯಿತು.

"ಏಳೂವರೆ ಲಕ್ಷದವರೆಗೆ ಸರ್ಕಾರವೇ ಜಾಮೀನು ನಿಂತಿದೆಯಂತಲ್ಲ?" ಎಂದೂ ಕೇಳುತ್ತಾರೆ. ನಿಂತಿರುವುದು ನಿಜ. ಆದರೆ ಆ ಜಾಮೀನು ಬ್ಯಾಂಕಿನ ನಷ್ಟ ತುಂಬಿಕೊಡಲಿಕ್ಕೆ, ಅದೂ ಮುಕ್ಕಾಲು ಪಾಲು. ತಮ್ಮ ಸಾಲ ಅದರಿಂದ ಅಳಿಯುವುದಿಲ್ಲ.

ಇನ್ನೊಂದು ಭೇದವನ್ನು ಮರೆಯಬಾರದು. ಬೆಳೆಸಾಲದ ಬಾಕಿಯನ್ನು ಬೆಳೆಯ ಹಂಗಾಮಿನ ಲೆಕ್ಕದಲ್ಲಿ ನೋಡುತ್ತಾರೆ. ಮಳೆ ಕೈಕೊಟ್ಟರೆ ಮುಂದಿನ ಹಂಗಾಮು ಎಂಬ ರೂಢಿ ನಮಗಿದೆ. ಓದಿನ ಸಾಲಕ್ಕೆ ಹಂಗಾಮಿಲ್ಲ, ದಿನದ ಲೆಕ್ಕ. ಬಾಕಿ ನಿಂತು 90 ದಿನ ಮೀರಿದರೆ ಅದನ್ನು ಕೆಟ್ಟ ಸಾಲದ ಪಟ್ಟಿಗೆ ಸೇರಿಸುತ್ತಾರೆ. ನಾನು ಎಡವಿದ್ದೇ ಇಲ್ಲಿ.

ತೆಂಗಿನ ಕಪ್ಪುತಲೆ ಹುಳುವನ್ನು ತಾವು ಬಲ್ಲಿರಿ. ಮೊದಲು ಕೆಳಗಿನ ಗರಿಗೆ ಬೀಳುತ್ತದೆ. ಆಗಲೇ ನೋಡಿ ಆ ಗರಿಯನ್ನು ಕಡಿದು ಸುಟ್ಟರೆ ಮರ ಉಳಿಯುತ್ತದೆ. ಸುಳಿಯವರೆಗೆ ಒಣಗಿದ ಮೇಲೆ ಓಡಾಡಿದರೆ ಎರಡು ಮೂರು ವರ್ಷದ ಫಸಲೇ ಹೋಗುತ್ತದೆ. ತಪ್ಪಿದ ಮೊದಲ ಕಂತೇ ಆ ಕೆಳಗಿನ ಗರಿ.

ಕೆಲಸ ಸಿಗದಿದ್ದರೆ?

ಎಲ್ಲರಿಗೂ ಓದು ಮುಗಿದೊಡನೆ ಕೆಲಸ ಸಿಗುವುದಿಲ್ಲ. ಸಿಕ್ಕರೂ ಬೆಂಗಳೂರಿನ ಬಾಡಿಗೆ, ಊಟ, ಬಸ್ಸು ಕಳೆದು ಉಳಿಯುವುದು ಅಷ್ಟಕ್ಕಷ್ಟೆ. ಇದು ಬ್ಯಾಂಕಿಗೂ ಗೊತ್ತು. ಮಾದರಿ ಯೋಜನೆಯಲ್ಲೇ ಇದಕ್ಕೆ ಅನುಕೂಲ ಹೇಳಿದೆ. ಕೆಲಸವಿಲ್ಲದ ಅಥವಾ ಸಂಬಳ ಸಾಲದ ಕಾಲದಲ್ಲಿ, ಸಾಲದ ಅವಧಿಯೊಳಗೆ ಎರಡು ಮೂರು ಸಲ ಕಂತಿಗೆ ವಿರಾಮ ಕೊಡಬಹುದು. ಮೊದಲು ಸಣ್ಣ ಕಂತು, ಸಂಬಳ ಏರಿದಂತೆ ದೊಡ್ಡ ಕಂತು ಎಂದೂ ಗೊತ್ತುಮಾಡಬಹುದು. ತೀರಿಸುವ ಅವಧಿಯನ್ನು 15 ವರ್ಷದವರೆಗೆ ಇಡಬಹುದು. ಆದರೆ ಇವೆಲ್ಲ ಬ್ಯಾಂಕು ಒಪ್ಪಿದರೆ ಉಂಟು. ಕೇಳಿದವರಿಗೆ ಉಂಟು, ಅದೂ ಬಾಕಿ ಬೀಳುವ ಮೊದಲು ಕೇಳಿದವರಿಗೆ.

ಅವಧಿ ಹೆಚ್ಚಿಸಿದರೆ ಕಂತು ಇಳಿಯುತ್ತದೆ, ಒಟ್ಟು ಬಡ್ಡಿ ಏರುತ್ತದೆ. ನಮ್ಮ ಲೆಕ್ಕದ 5,40,000ವನ್ನು 15 ವರ್ಷಕ್ಕೆ ಹಂಚಿದರೆ ಕಂತು ಸುಮಾರು 5,803 ರೂಪಾಯಿ. ಆದರೆ ಒಟ್ಟು ಕಟ್ಟುವುದು ಹತ್ತು ವರ್ಷದ ಲೆಕ್ಕಕ್ಕಿಂತ 1,88,000 ಹೆಚ್ಚು. ತೀರ ಕಷ್ಟವಿದ್ದರೆ ಮಾತ್ರ ಇದು ಸರಿ. ಕಂತು ತಪ್ಪಿಸುವುದಕ್ಕಿಂತ ಸಣ್ಣ ಕಂತೇ ಮೇಲು.

ಬ್ಯಾಂಕಿಗೆ ಬರೆಯುವುದು ಹೇಗೆಂದು ಅಂಜಬೇಕಾಗಿಲ್ಲ. ಇಷ್ಟು ಬರೆದರೆ ಸಾಕು:

"ಮ್ಯಾನೇಜರವರಿಗೆ. ನನ್ನ ಓದಿನ ಸಾಲದ ಖಾತೆ ನಂಬರು ಇಂಥದು. ಮುಂದಿನ ತಿಂಗಳಿಂದ ಕಂತು ಆರಂಭವಾಗುತ್ತದೆ. ನನಗೆ ಇನ್ನೂ ಕೆಲಸ ಸಿಕ್ಕಿಲ್ಲ (ಅಥವಾ ತಿಂಗಳ ಸಂಬಳ ಇಷ್ಟು). ಆದುದರಿಂದ ಕಂತಿಗೆ ಇಷ್ಟು ತಿಂಗಳ ವಿರಾಮವನ್ನು (ಅಥವಾ ಕಂತನ್ನು ಇಷ್ಟಕ್ಕೆ ಇಳಿಸಿ) ಕೊಡಬೇಕಾಗಿ ಕೋರುತ್ತೇನೆ. ನನ್ನ ಈಗಿನ ವಿಳಾಸ ಮತ್ತು ಮೊಬೈಲು ನಂಬರು ಇವು."

ಎರಡು ಪ್ರತಿ ಮಾಡಿ, ಒಂದಕ್ಕೆ ಬ್ಯಾಂಕಿನ ಮೊಹರು ಹಾಕಿಸಿ ಮನೆಯಲ್ಲಿಡಿ. ಅರ್ಜಿಗೆ ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. ಆ ದೂರಿಗೂ ಮೂವತ್ತು ದಿನ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರಬಹುದು. ವಸೂಲಿಯವರು ಬೆಳಿಗ್ಗೆ 8 ಗಂಟೆಗೆ ಮುಂಚೆ, ಸಂಜೆ 7ರ ಮೇಲೆ ಫೋನು ಮಾಡಿ ಪೀಡಿಸಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಆಜ್ಞೆ ಮಾಡಿದೆ. ಇದು ತಮಗೆ ತಿಳಿದಿರಲಿ. ಹೆದರಿ ಕೈಸಾಲ ತಂದು, ಚಕ್ರಬಡ್ಡಿಗೆ ಬಿದ್ದು, ಬ್ಯಾಂಕಿನ ಸಾಲ ತೀರಿಸುವುದು ಮಾತ್ರ ಬೇಡ.

ಕೊಬ್ಬರಿಯ ಹಣವನ್ನು ಹೇಗೆ ಬಳಸಬೇಕು

ತಿಂಗಳ ಕಂತನ್ನು ಕೊಬ್ಬರಿ ಧಾರಣೆಯ ಮೇಲೆ ನಿಲ್ಲಿಸಬೇಡಿ. 2023ರಲ್ಲಿ 8,000ಕ್ಕೆ ಇಳಿದ ಧಾರಣೆಯೇ 2025ರಲ್ಲಿ 25,000 ದಾಟಿತು. ಮುಂದೆ ಏನೆಂದು ಯಾರು ಬಲ್ಲರು? ಕಂತು ಮಕ್ಕಳ ಸಂಬಳದಿಂದಲೇ ಹೋಗಲಿ. ಸಂಬಳ ಬರುವ ಖಾತೆಯಿಂದ, ಸಂಬಳ ಬಿದ್ದ ಎರಡು ಮೂರು ದಿನದಲ್ಲಿ, ತಾನಾಗಿ ಕಡಿತವಾಗುವಂತೆ ಬರೆಸಿಕೊಡಲಿ.

ಧಾರಣೆ ಏರಿದ ವರ್ಷ ಒಳ್ಳೆಯ ಹಣ ಬಂದರೆ ಆಗ ಒಂದು ಕೆಲಸ ಮಾಡಬಹುದು. ಹತ್ತು ವರ್ಷದ ಸಾಲದಲ್ಲಿ ಮೊದಲ ವರ್ಷ ಕಟ್ಟಿದ 85,000ದಲ್ಲಿ ಅಸಲಿಗೆ ಹೋಗುವುದು ಸುಮಾರು 33,000 ಮಾತ್ರ, ಉಳಿದದ್ದು ಬಡ್ಡಿಗೆ. ಆ ವರ್ಷದ ಕೊನೆಯಲ್ಲಿ 50,000 ರೂಪಾಯಿಯನ್ನು ಒಟ್ಟಿಗೆ ಅಸಲಿಗೆ ಕಟ್ಟಿದರೆ ಮುಂದಿನ ಕಂತುಗಳಲ್ಲಿ ಸುಮಾರು 16 ಕಂತು ಕಡಿಮೆಯಾಗುತ್ತವೆ. ಅಂದರೆ ಒಂದು ಲಕ್ಷಕ್ಕೂ ಹೆಚ್ಚು ಹಣ. ಓದಿನ ಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡವಿಲ್ಲ ಎಂದು ಮಾದರಿ ಯೋಜನೆಯಲ್ಲಿದೆ. "ಈ ಹಣ ಅಸಲಿಗೆ ಜಮೆಯಾಗಲಿ, ಅವಧಿ ಕಡಿಮೆಯಾಗಲಿ" ಎಂದು ಬರೆದುಕೊಟ್ಟು ಕಟ್ಟಬೇಕು.

ಮನೆಯಲ್ಲಿ ಮಾಡಬೇಕಾದ ಕೆಲಸಗಳು

1. ಸಾಲದ ಮಂಜೂರಾತಿ ಪತ್ರವನ್ನು ಪಹಣಿ, ಪಾಸ್‌ಬುಕ್ಕುಗಳ ಜೊತೆಯಲ್ಲೇ ಜೋಪಾನವಾಗಿಡಿ. ಕಂತು ಯಾವ ತಿಂಗಳು ಆರಂಭ ಎಂಬುದನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿ.

2. ಮಗನ ಅಥವಾ ಮಗಳ ವಿಳಾಸ, ಮೊಬೈಲು ನಂಬರು ಬದಲಾದರೆ ಅದೇ ವಾರ ಬ್ಯಾಂಕಿಗೆ ತಿಳಿಸಿ.

3. ವರ್ಷಕ್ಕೊಮ್ಮೆ ಸಿಬಿಲ್ ವರದಿ ಉಚಿತವಾಗಿ ಸಿಗುತ್ತದೆ. ತಂದೆ ಮಕ್ಕಳಿಬ್ಬರೂ ತೆಗೆಸಿ ನೋಡಿ.

4. ಸಾಲಕ್ಕೆ ಜೀವವಿಮೆ ಇದೆಯೇ ಎಂದು ವಿಚಾರಿಸಿ. ಆಡಬಾರದ ಮಾತು, ಆದರೂ ಹೇಳಲೇಬೇಕು. ಮಕ್ಕಳಿಗೆ ಏನಾದರೂ ಆದರೆ ಸಾಲ ತಂದೆತಾಯಿಯ ಮೇಲೆ ಉಳಿಯುತ್ತದೆ.

5. ಮಕ್ಕಳು ಆದಾಯ ತೆರಿಗೆ ಕಟ್ಟುವವರಾದರೆ, ಹಳೆಯ ಪದ್ಧತಿಯಲ್ಲಿ ಓದಿನ ಸಾಲದ ಬಡ್ಡಿಗೆ ಎಂಟು ವರ್ಷದವರೆಗೆ ವಿನಾಯಿತಿ ಇದೆ. ಬ್ಯಾಂಕಿನಿಂದ ಬಡ್ಡಿಯ ಪ್ರಮಾಣಪತ್ರ ಪಡೆಯಲಿ.

6. ಪೂರ್ತಿ ತೀರಿದ ದಿನ ಬಾಕಿ ಇಲ್ಲವೆಂಬ ಪತ್ರವನ್ನು ಕೇಳಿ ಪಡೆದುಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಅದಕ್ಕೆ ಬ್ಯಾಂಕಿಗೆ ಹೋಗಬೇಕಾಗಿಲ್ಲ. ತಿಂಗಳಿಗೊಮ್ಮೆ ಮಕ್ಕಳನ್ನು "ಕಂತು ಹೋಯಿತೇನಪ್ಪ?" ಎಂದು ಕೇಳಿ. ಅವರನ್ನು ನೋಯಿಸಿದ ಹಾಗಾಗುತ್ತದೆಂದು ಸುಮ್ಮನಿರಬೇಡಿ. ನಮ್ಮ ತಂದೆಯವರು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಇಬ್ಬರ ಮೌನಕ್ಕೆ ಬೆಲೆಯಾಗಿ ಹೋದದ್ದು ಅಟ್ಟದ ಕಾಯಿ.

ಓದುವ ಮಕ್ಕಳೇ, ಹಿಂದೆ ನಿಂತು ಕೇಳುತ್ತಿದ್ದೀರಿ. ನಿಮಗೂ ಒಂದು ಮಾತು. ಕೆಲಸ ಸಿಗದಿರುವುದು ಅವಮಾನವಲ್ಲ. ಸಂಬಳ ಕಡಿಮೆಯಿರುವುದೂ ಅವಮಾನವಲ್ಲ. ಅದನ್ನು ಅಪ್ಪನಿಗೆ ಹೇಳಿ, ಬ್ಯಾಂಕಿಗೆ ಹೇಳಿ. ತೆಂಗಿನ ಸಸಿ ನೆಟ್ಟವನು ಆರೇಳು ವರ್ಷ ನೀರು ಹೊತ್ತ ಮೇಲೆ ಮೊದಲ ಹೊಂಬಾಳೆ ಕಾಣುತ್ತಾನೆ. ಅಷ್ಟು ದಿನ ಕಾಯುವ ತಾಳ್ಮೆ ನಿಮ್ಮ ತಂದೆತಾಯಿಗೆ ಉಂಟು. ಮರ ಬದುಕಿದೆಯೋ ಇಲ್ಲವೋ ಎಂಬುದಷ್ಟು ಅವರಿಗೆ ತಿಳಿಯುತ್ತಿರಬೇಕು.

ಯಾರಿಗಾದರೂ ಅರ್ಜಿ ಬರೆಯುವುದು, ಲೆಕ್ಕ ಹಾಕುವುದು ತೊಡಕಾದರೆ ನಾನು ಹಳ್ಳಿಗೆ ಬಂದ ದಿನ ಕಾಗದಗಳನ್ನು ತನ್ನಿ. ಒಟ್ಟಿಗೆ ಕುಳಿತು ನೋಡೋಣ. ಬಾಕಿ ಎಷ್ಟೇ ಇರಲಿ, ಸಂಕೋಚ ಬೇಡ. ನಾನೂ ಬಾಕಿದಾರನಾಗಿದ್ದವನೇ.